ಬಾನೆಟ್ಟಿನ ಮೇಲಿನ ಸುಳಿಗೀರು: ಮನೆಯಲ್ಲೇ ಪಾಲಿಶ್ ಮಾಡಿ ನೋಡಿದ ಮೇಲೆ

ಓದುವವರ ಹೊತ್ತು ಉಳಿಯಲಿ ಅಂತ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಡ್ಯುಯಲ್ ಆ್ಯಕ್ಷನ್ ಪಾಲಿಶರ್ (ಪ್ಯಾಡು ತಿರುಗಿಸಿ ಉಜ್ಜುವ ಮಷೀನು), ಐದಾರು ಫೋಮ್ ಪ್ಯಾಡು, ಮೆಗ್ವಾಯರ್ಸ್‌ನವರ ಅಲ್ಟಿಮೇಟ್ ಕಾಂಪೌಂಡ್ (ಹೆಚ್ಚು ಕೆತ್ತುವ ಪೇಸ್ಟು) ಒಂದು ಬಾಟ್ಲಿ, ಅವರದೇ ಅಲ್ಟಿಮೇಟ್ ಪಾಲಿಶ್ (ಕಡಿಮೆ ಕೆತ್ತಿ ನಯ ಮಾಡುವುದು) ಒಂದು ಬಾಟ್ಲಿ, ಒಳ್ಳೆಯ ಮೈಕ್ರೋಫೈಬರ್ ಬಟ್ಟೆಗಳು. ಇಷ್ಟಿದ್ದರೆ ಕಾರಿನ ಮೇಲಿನ ಸ್ವರ್ಲ್ ಮಾರ್ಕುಗಳನ್ನು, ಅಂದರೆ ಸುಳಿಯಂತೆ ಕಾಣುವ ಸಣ್ಣ ಗೀರುಗಳನ್ನು, ನಮ್ಮ ಪಾರ್ಕಿಂಗಿನಲ್ಲೇ ತೆಗೆಯಬಹುದು. ನಾನು ತೆಗೆದಿದ್ದೇನೆ. ನನ್ನ ನೆಕ್ಸಾ ಬ್ಲೂ ಬಣ್ಣದ ಬಲೆನೊ ಈಗ ಪುಣೆ ಪಕ್ಕದ ನಿಗಡಿಯ ಬಿಸಿಲಿಗೆ ನಿಂತರೆ ಬಾನೆಟ್ಟಿನೊಳಗೆ ಬೇವಿನ ಮರದ ಎಲೆ ಎಲೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಇದು ಹಚ್ಚುವ ಕೆಲಸವಲ್ಲ, ಕೆತ್ತುವ ಕೆಲಸ. ಕೆತ್ತಿದ್ದು ಮರಳಿ ಬರುವುದಿಲ್ಲ. ಅದನ್ನು ತಿಳಿದುಕೊಂಡೇ ಕೈ ಹಾಕಬೇಕು. ಈ ಬರಹದ ಹೆಚ್ಚಿನ ಪಾಲು ಅದರ ಬಗ್ಗೆಯೇ ಇದೆ.

ನಾನು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಮೆಟಲರ್ಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಉಕ್ಕಿನ ತುಂಡನ್ನು ಬೇಕಲೈಟಿನಲ್ಲಿ ಕೂರಿಸಿ, 220ರ ಉಜ್ಜುಕಾಗದದ ಮೇಲೆ ಉಜ್ಜಿ, ಆಮೇಲೆ 400, 600, 800 ಅಂತ ಇನ್ನೂ ನಯವಾದ ಕಾಗದಕ್ಕೆ ಹೋಗುತ್ತ, ಕೊನೆಗೆ ಮೆತ್ತನೆಯ ಬಟ್ಟೆಯ ಮೇಲೆ 1 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಡೈಮಂಡ್ ಪೇಸ್ಟಿನಲ್ಲಿ ಕನ್ನಡಿ ಮಾಡಿ ಮೈಕ್ರೋಸ್ಕೋಪಿನಡಿ ಇಡುವುದು ನನ್ನ ದಿನನಿತ್ಯದ ಕೆಲಸ. ಗೀರು ಅಂದರೆ ಏನು, ಅದು ಹೋಗುವುದು ಅಂದರೆ ಏನು ಅನ್ನುವುದನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೇನೆ. ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ತಳ ಎಷ್ಟು ಆಳವಿದೆಯೋ ಅಲ್ಲಿಯವರೆಗೆ ಸುತ್ತಲಿನ ಮೇಲ್ಮೈ ಇಳಿಯಬೇಕು. ಉಕ್ಕಿಗೂ ಅಷ್ಟೇ, ಕಾರಿನ ಪೇಂಟಿಗೂ ಅಷ್ಟೇ.

ಪೇಂಟಿನ ಲೆಕ್ಕ ನೋಡಿ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನಷ್ಟೂ ದಪ್ಪವಿಲ್ಲ. ಹೊಳಪು ಬರುವುದು ಅದರಿಂದಲೇ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ಅದು ತೀರಾ ತೆಳುವಾದರೆ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬಾನೆಟ್ಟು, ಟಾಪು ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಆಮೇಲೆ ಮತ್ತೆ ಪೇಂಟ್ ಹೊಡೆಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಸ್ವರ್ಲ್ ಅನ್ನುವುದು ಈ ಪದರದ ಮೇಲಿನ ತೀರಾ ಸಣ್ಣ ಗೀರುಗಳ ಜಾಲ. ದೀಪದ ಸುತ್ತ ಜೇಡರ ಬಲೆಯ ಹಾಗೆ ದುಂಡಗೆ ಕಾಣುವುದರಿಂದ ಯಾರೋ ಸುತ್ತಿ ಸುತ್ತಿ ಒರೆಸಿ ಮಾಡಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ; ಬೆಳಕಿಗೆ ಅಡ್ಡವಾಗಿ ಇರುವವು ಮಾತ್ರ ಬೆಳಕನ್ನು ಕಣ್ಣಿನ ಕಡೆಗೆ ಚೆಲ್ಲುತ್ತವೆ, ಆದ್ದರಿಂದ ದೀಪದ ಸುತ್ತ ಬಳೆ ಕಟ್ಟಿದಂತೆ ತೋರುತ್ತದೆ. ಟಾರ್ಚನ್ನು ಬಾನೆಟ್ಟಿನ ಮೇಲೆ ಮೆಲ್ಲಗೆ ಸರಿಸಿ ನೋಡಿ, ಬಳೆಯೂ ಜೊತೆಗೇ ಸರಿಯುತ್ತದೆ. ಕಾರು ಕೊಳ್ಳುವವರೆಲ್ಲ ಈ ಪರೀಕ್ಷೆ ಮಾಡಬೇಕು. ಶೋರೂಮಿನ ಬಿಳಿ ಟ್ಯೂಬಿನ ಮೃದು ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಹೊರಗೆ ಬಿಸಿಲಿಗೆ ತಂದು ನಿಲ್ಲಿಸಿದರೆ, ಅಥವಾ ಮೊಬೈಲಿನ ಒಂಟಿ ಎಲ್‌ಇಡಿ ಹಿಡಿದರೆ, ಎಲ್ಲ ಬಯಲಾಗುತ್ತದೆ.

ನಮ್ಮ ಸೊಸೈಟಿಯಲ್ಲಿ ಕಾರು ಒರೆಸುವ ಹುಡುಗ ಕಲಬುರಗಿ ಕಡೆಯವನು. ನಸುಕಿನಲ್ಲಿ ಒಂದೇ ಬಕೆಟ್ಟು, ಒಂದೇ ಬಟ್ಟೆ, ಮೂವತ್ತು ಕಾರು. ಹತ್ತನೆಯ ಕಾರಿಗೆ ಬರುವಷ್ಟರಲ್ಲಿ ನೀರು ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಪುಣೆಯಲ್ಲಿ ಈಗ ಯಾವ ಕಡೆ ಹೋದರೂ ಮೆಟ್ರೋ, ಸೇತುವೆ, ಹೊಸ ಬಿಲ್ಡಿಂಗು; ಗಾಳಿಯ ತುಂಬ ಸಿಮೆಂಟು, ಕಲ್ಲಿನ ಪುಡಿ. ಆ ಪುಡಿ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಟಾರ್ಚು ಹಿಡಿದು ಅವನಿಗೂ ತೋರಿಸಿದೆ.

‘ಅಕ್ಕಾರ, ನಾ ದಿನಾ ಛಲೋ ಒರಸ್ತೀನ್ರಿ, ಇಷ್ಟು ಗೀರು ಎಲ್ಲಿಂದ ಬಂದಾವ್ರಿ?’ ಅಂದ.

‘ನಿನ್ನ ಕೈದಲ್ಲೋ ತಮ್ಮಾ, ಬಟ್ಟ್ಯಾಗ ಕುಂತ ಉಸುಕಿಂದು,’ ಅಂದೆ.

ಅವನ ತಪ್ಪು ಇದರಲ್ಲಿ ಏನೂ ಇಲ್ಲ. ಅಷ್ಟು ಕಾರಿಗೆ ಅಷ್ಟೇ ನೀರು ಕೊಟ್ಟರೆ ಯಾರಾದರೂ ಹಾಗೇ ಒರೆಸುವುದು. ಈಗ ನನ್ನ ಕಾರಿನ ಗಾಜು, ಚಕ್ರ ಮಾತ್ರ ಅವನು ನೋಡಿಕೊಳ್ಳುತ್ತಾನೆ, ತಿಂಗಳ ದುಡ್ಡು ಮೊದಲಿನಷ್ಟೇ ಕೊಡುತ್ತೇನೆ. ಮೈ ತೊಳೆಯುವುದು ನನ್ನ ಕೆಲಸ.

ಹೊರಗೆ ಮಾಡಿಸಲಿಲ್ಲ ಯಾಕೆ ಅಂತ ಬಹಳ ಮಂದಿ ಕೇಳಿದರು. ಚೆನ್ನಾಗಿ ಮಾಡುವ ಡೀಟೇಲಿಂಗ್‌ನವರು ಪುಣೆಯಲ್ಲಿ ಖಂಡಿತ ಇದ್ದಾರೆ, ಅವರ ಕೂಲಿ ಅವರ ಶ್ರಮಕ್ಕೆ ಸರಿಯಾದದ್ದೇ. ಆದರೆ ಪಕ್ಕದ ಮನೆಯವರು ಎಲ್ಲೋ ಅಗ್ಗದಲ್ಲಿ ‘ರಬ್ಬಿಂಗ್’ ಮಾಡಿಸಿಕೊಂಡು ಬಂದ ಕಪ್ಪು ಕಾರನ್ನು ನೋಡಿದ್ದೆ. ಉಣ್ಣೆಯ ಪ್ಯಾಡು ಹಾಕಿದ ರೋಟರಿ ಮಷೀನಿನಲ್ಲಿ ಉಜ್ಜಿ, ಎಣ್ಣೆಯಂಥ ಗ್ಲೇಜ್ ಬಳಿದು ಕೊಟ್ಟಿದ್ದರು. ಅವತ್ತು ಫಳಫಳ ಅನ್ನುತ್ತಿತ್ತು. ನಾಲ್ಕು ಸಲ ತೊಳೆದ ಮೇಲೆ ಗ್ಲೇಜ್ ಹೋಗಿ ಹಳೆಯ ಗೀರು ಹಾಗೇ ಮೇಲೆ ಬಂತು, ಜೊತೆಗೆ ರೋಟರಿ ಎಳೆದ ಉದ್ದುದ್ದ ಪಟ್ಟೆಗಳು. ಇದಕ್ಕೆ ಹೊಲೊಗ್ರಾಮ್ ಅನ್ನುತ್ತಾರೆ; ಬಿಸಿಲಿನಲ್ಲಿ ನಡೆದಾಡುತ್ತ ನೋಡಿದರೆ ಪಟ್ಟೆ ಅಲುಗಿದಂತೆ ಕಾಣುತ್ತದೆ.

ರೋಟರಿಯಲ್ಲಿ ಪ್ಯಾಡು ಒಂದೇ ಅಚ್ಚಿನ ಸುತ್ತ ತಿರುಗುತ್ತದೆ, ಒಂದೇ ಜಾಗಕ್ಕೆ ಬಿಸಿ ಏರುತ್ತದೆ, ಅಂಚುಗಳಲ್ಲಿ ಪೇಂಟು ಸುಟ್ಟುಹೋಗುವ ಭಯ. ಪಳಗಿದ ಕೈಗೆ ಅದು ಒಳ್ಳೆಯ ಸಾಧನ. ಡ್ಯುಯಲ್ ಆ್ಯಕ್ಷನ್, ಅಂದರೆ ಡಿಎ ಮಷೀನಿನಲ್ಲಿ ಪ್ಯಾಡು ತಾನೂ ತಿರುಗುತ್ತದೆ, ಜೊತೆಗೆ ನಡುವಿನಿಂದ ಸರಿದ ಸಣ್ಣ ವೃತ್ತದಲ್ಲೂ ಓಲಾಡುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದು ನಿಂತುಹೋಗುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಕಾವಲಿಲ್ಲ.

ನನ್ನ ಮಷೀನಿನದು 15 ಮಿ.ಮೀ. ಓಲಾಟ, ಪ್ಯಾಡು ಅಂಟಿಸುವ 5 ಇಂಚಿನ ತಟ್ಟೆ, 1ರಿಂದ 6ರವರೆಗೆ ವೇಗದ ಗುಂಡಿ. ವೃತ್ತಿಯವರು ಇಟಲಿಯ ರುಪೆಸ್‌ನ ಬಿಗ್‌ಫುಟ್ ಮಷೀನು ಇಟ್ಟುಕೊಳ್ಳುತ್ತಾರೆ. ನಾನು ಕೊಂಡದ್ದು ಅದರ ಬೆಲೆಯ ಸಣ್ಣ ಪಾಲಿನದು, ಹೆಸರು ಹೇಳುವ ಅಗತ್ಯವಿಲ್ಲ, ಅದೇ ಬಗೆಯವು ಬೇಕಾದಷ್ಟು ಸಿಗುತ್ತವೆ. ವೇಗ ಸ್ಥಿರವಾಗಿರುತ್ತದೆ, ಮೆಲ್ಲಗೆ ಶುರುವಾಗುತ್ತದೆ, ಇವೆರಡೂ ಮುಖ್ಯ. ಕೊರತೆ ಎರಡು: ವೈರು ಗಿಡ್ಡ, ಮತ್ತು ಅರ್ಧ ಗಂಟೆ ಹಿಡಿದರೆ ಅಂಗೈ ಜುಮುಜುಮು ಅನ್ನುತ್ತದೆ. ಬಾಗಿಲಿನ ಕೆಳಭಾಗದಲ್ಲಿ ತಟ್ಟೆ ಆಗಾಗ ತಿರುಗದೆ ನಿಲ್ಲುವುದೂ ಉಂಟು. ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆದಿಟ್ಟುಕೊಳ್ಳಿ. ಗೆರೆ ಸುತ್ತುವುದು ಕಂಡರೆ ಕೆಲಸ ಆಗುತ್ತಿದೆ, ಗೆರೆ ನಿಂತಲ್ಲೇ ನಡುಗಿದರೆ ಒತ್ತಡ ಕಡಿಮೆ ಮಾಡಬೇಕು ಅಥವಾ ಪ್ಯಾಡನ್ನು ಸಮತಟ್ಟಾಗಿ ಹಿಡಿಯಬೇಕು.

ಪ್ಯಾಡುಗಳನ್ನು ನಾನಾ ಪೇಠೆಯಲ್ಲಿ ತಂದೆ. ವಾಹನದ ಬಿಡಿಭಾಗಕ್ಕೆ ಪುಣೆಯವರು ಹೋಗುವುದೇ ಅಲ್ಲಿಗೆ, ಕೈಯಲ್ಲಿ ಹಿಡಿದು ಒತ್ತಿ ನೋಡಿ ಕೊಳ್ಳಬಹುದು. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಕಿತ್ತಳೆ ಪ್ಯಾಡು ಕೆತ್ತುವುದಕ್ಕಿದ್ದರೆ ಇನ್ನೊಂದರ ಕಿತ್ತಳೆ ಬರೀ ನಯ ಮಾಡುವುದಕ್ಕಿರುತ್ತದೆ. ಗಟ್ಟಿ ಫೋಮು ಹೆಚ್ಚು ಕೆತ್ತುತ್ತದೆ, ಮೆತ್ತನೆಯದು ಕಡಿಮೆ. ಮೈಕ್ರೋಫೈಬರ್ ಪ್ಯಾಡು ಇನ್ನೂ ಹೆಚ್ಚು. ಕೊಂಡರೆ ಐದಾರು ಕೊಳ್ಳಿ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಲು ಹೋದರೆ ಅದು ಪೇಸ್ಟು ಕುಡಿದು, ಬಿಸಿಯಾಗಿ, ಕಿತ್ತುಬರುತ್ತದೆ.

ಇನ್ನು ಬಾಟ್ಲಿಗಳ ವಿಷಯ. ಮೆಗ್ವಾಯರ್ಸ್ 1901ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಪೀಠೋಪಕರಣದ ಪಾಲಿಶ್ ಮಾಡುತ್ತ ಶುರುವಾದದ್ದು, 2008ರಿಂದ 3ಎಂ ಕೈಯಲ್ಲಿದೆ. ಅಲ್ಟಿಮೇಟ್ ಕಾಂಪೌಂಡಿನಲ್ಲಿ ನನಗೆ ಹಿಡಿಸಿದ್ದು ಅದರ ಕಣ. ಹಳೆಯ ಬಗೆಯ ಕಾಂಪೌಂಡುಗಳಲ್ಲಿ ಕಣ ಉಜ್ಜುತ್ತ ಉಜ್ಜುತ್ತ ಒಡೆದು ಸಣ್ಣದಾಗಬೇಕು, ಅಲ್ಲಿಯವರೆಗೆ ಬಿಡುವ ಹಾಗಿಲ್ಲ, ನಡುವೆ ನಿಲ್ಲಿಸಿದರೆ ಮಬ್ಬು ಉಳಿಯುತ್ತದೆ. ಇದರಲ್ಲಿ ಕಣ ಮೊದಲಿನಿಂದಲೇ ಅತಿ ಸಣ್ಣದು, ಸಮನಾದದ್ದು. ಆದ್ದರಿಂದ ಎಷ್ಟು ಬೇಕೋ ಅಷ್ಟೇ ಕೆತ್ತಿ ನಿಲ್ಲಿಸಬಹುದು. ಲ್ಯಾಬಿನಲ್ಲಿ ಡೈಮಂಡ್ ಪೇಸ್ಟಿಗೆ ನಾವು ಹೆಚ್ಚು ದುಡ್ಡು ಕೊಡುವುದೂ ಇದೇ ಕಾರಣಕ್ಕೆ: ಕಣದ ಗಾತ್ರ ಒಂದೇ ಸಮ ಇರಬೇಕು, ನಡುವೆ ಒಂದು ದಪ್ಪ ಕಣ ಸೇರಿದರೆ ಇಡೀ ತುಂಡು ಕೆಟ್ಟಂತೆ.

ಧಾರವಾಡದಿಂದ ಅಣ್ಣನ ಮಗ ಫೋನು ಮಾಡಿ, ‘ಅತ್ತಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ರ ಹೋಗ್ತಾವಂತ, ವಿಡಿಯೋದಾಗ ತೋರಿಸ್ಯಾರ’ ಅಂದಾಗ ಅವನಿಗೂ ಇದನ್ನೇ ಹೇಳಿದೆ. ಟೂತ್‌ಪೇಸ್ಟಿನಲ್ಲೂ ಉಜ್ಜುವ ಕಣ ಇದೆ, ಸಣ್ಣ ಗೀರು ಮಸುಕಾಗಲೂಬಹುದು. ಆದರೆ ಅದು ಹಲ್ಲಿಗಾಗಿ ಮಾಡಿದ ಕಣ, ಕ್ಲಿಯರ್ ಕೋಟಿಗೆ ಅಳೆದದ್ದಲ್ಲ.

ಮಷೀನು ಮುಟ್ಟುವ ಮೊದಲಿನ ಕೆಲಸವೇ ಅರ್ಧ ದಿನ ತಿನ್ನುತ್ತದೆ, ತಿನ್ನಲಿ. ಎರಡು ಬಕೆಟ್ಟು: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಜಾಲರಿ. ಕೈಗವಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ, ಬಂಪರಿನ ಕೆಳಗಿನ ಕೊಳಕು ಕೊನೆಗೆ. ಬೇಸಿಗೆಯಲ್ಲಿ ನಮ್ಮಲ್ಲಿ ಟ್ಯಾಂಕರ್ ನೀರು ಬರುತ್ತದೆ, ಗಡಸು. ಒಣಗಲು ಬಿಟ್ಟರೆ ಸುಣ್ಣದ ಚುಕ್ಕೆ ಕೂರುತ್ತವೆ. ಹೊಸ ಚುಕ್ಕೆಯಾದರೆ ನೀರು ಬೆರೆಸಿದ ಬಿಳಿ ವಿನೆಗರಿಗೆ ಕರಗುತ್ತದೆ, ಆಮೇಲೆ ಚೆನ್ನಾಗಿ ತೊಳೆಯಬೇಕು.

ಆಮೇಲೆ ಐರನ್ ರಿಮೂವರ್. ಇದನ್ನು ಬಿಡಬೇಡಿ, ಅದರಲ್ಲೂ ಪಿಂಪ್ರಿ, ಭೋಸರಿ, ಚಾಕಣ ಕಡೆ ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸುವವರು. ಗ್ರೈಂಡಿಂಗಿನಿಂದ, ಬ್ರೇಕಿನಿಂದ ಹಾರಿದ ಕಬ್ಬಿಣದ ಕಣಗಳು ಕ್ಲಿಯರ್ ಕೋಟಿನಲ್ಲಿ ನೆಟ್ಟುಕೊಂಡಿರುತ್ತವೆ. ಸ್ಪ್ರೇ ಮಾಡಿ ಎರಡು ಮೂರು ನಿಮಿಷ ಕಾದರೆ ಆ ಕಣಗಳಿರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಅದರಲ್ಲಿನ ಥಯೋಗ್ಲೈಕೊಲೇಟ್ ಕಬ್ಬಿಣವನ್ನು ಹಿಡಿದು ಕರಗಿಸುವಾಗ ಬರುವ ಬಣ್ಣ ಅದು. ಹಿಂಬಾಗಿಲಿನ ಕೆಳಗಿನಿಂದ ನೆಲಕ್ಕೆ ನೇರಳೆ ಧಾರೆ ಇಳಿದದ್ದು ನೋಡಿ ವಾಚ್‌ಮನ್ನರು ಗಾಬರಿಯಾಗಿ ಓಡಿ ಬಂದರು. ವಾಸನೆ ಕೆಟ್ಟದ್ದು, ಮೂಗಿಗೆ ಮಾಸ್ಕ್ ಇರಲಿ. ಒಣಗುವ ಮೊದಲೇ ತೊಳೆಯಿರಿ. ಉಳಿದ ಡಾಂಬರಿನ ಚುಕ್ಕೆ, ಮರದ ಅಂಟಿಗೆ ಕ್ಲೇ ಬಾರ್, ಅಂದರೆ ಜೇಡಿಮಣ್ಣಿನಂಥ ಮೆತ್ತನೆಯ ತುಂಡು. ಶಾಂಪೂ ನೀರು ಚಿಮುಕಿಸಿ ಮೆಲ್ಲಗೆ ಜಾರಿಸಬೇಕು. ಒದ್ದೆ ಮೈಯನ್ನು ಬೆರಳ ತುದಿಯಿಂದ ಸವರಿದರೆ ತರಿತರಿ ಹೋಗಿ ಗಾಜಿನಂತಾಗುವವರೆಗೆ. ಕ್ಲೇ ತುಂಡು ನೆಲಕ್ಕೆ ಬಿದ್ದರೆ ಎಸೆದುಬಿಡಿ. ಮೈಕ್ರೋಫೈಬರ್ ಬಟ್ಟೆಗೂ ಇದೇ ನಿಯಮ: ನೆಲ ಮುಟ್ಟಿದ ಬಟ್ಟೆ ಅವತ್ತಿನ ಮಟ್ಟಿಗೆ ಪೇಂಟಿನ ಹತ್ತಿರ ಬರಕೂಡದು. ಲ್ಯಾಬಿನಲ್ಲಿ ಪಾಲಿಶಿಂಗ್ ಬಟ್ಟೆಯ ವಿಷಯದಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಇಲ್ಲಿ ಯಾಕೆ ಕೊಡಬೇಕು?

ಕಪ್ಪು ಪ್ಲಾಸ್ಟಿಕ್ಕಿಗೆ, ರಬ್ಬರಿಗೆ, ಲಾಂಛನಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಯಾವ ಕಾಂಪೌಂಡೇ ಆಗಲಿ ಅವುಗಳ ಮೇಲೆ ಬಿದ್ದು ಒಣಗಿದರೆ ಬಿಳಿ ಕಲೆ ಬೇಗ ಹೋಗುವುದಿಲ್ಲ. ಪೇಂಟು ತೆಳುವಾಗಿರುವ ಮೂಲೆ, ಮಡಿಕೆಗಳ ಮೇಲೂ ಟೇಪ್ ಇರಲಿ. ಬಂಪರು ಪ್ಲಾಸ್ಟಿಕ್ಕು, ಬಿಸಿ ಬೇಗ ಇಳಿಯುವುದಿಲ್ಲ, ಅಲ್ಲಿ ಕೈ ಇನ್ನೂ ಹಗುರ. ಪೇಂಟಿನ ದಪ್ಪ ಅಳೆಯುವ ಗೇಜ್ ಯಾರಾದರೂ ಕೊಟ್ಟರೆ ಉಪಯೋಗಿಸಿ. ಆದರೆ ಸಾಮಾನ್ಯ ಗೇಜ್ ಒಟ್ಟು ದಪ್ಪವನ್ನು ತೋರಿಸುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟಿದೆ ಅಂತ ಬಿಡಿಸಿ ಹೇಳುವುದಿಲ್ಲ, ಪ್ಲಾಸ್ಟಿಕ್ಕಿನ ಮೇಲಂತೂ ನಡೆಯುವುದೇ ಇಲ್ಲ.

ಈಗ ಮುಖ್ಯ ಮಾತು. ಇಡೀ ಕಾರಿಗೆ ಕೈ ಹಾಕುವ ಮೊದಲು ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ, ಅತಿ ಮೆತ್ತನೆಯ ಜೋಡಿಯಿಂದ ಶುರು ಮಾಡಿ. ಫಿನಿಶಿಂಗ್ ಪ್ಯಾಡು, ಅಲ್ಟಿಮೇಟ್ ಪಾಲಿಶ್. ಒರೆಸಿ ಟಾರ್ಚು ಹಿಡಿಯಿರಿ. ಸಾಲದಿದ್ದರೆ ಅದೇ ಪಾಲಿಶಿಗೆ ಒಂದು ಮೆಟ್ಟಿಲು ಗಟ್ಟಿ ಪ್ಯಾಡು. ಆಗಲೂ ಸಾಲದಿದ್ದರೆ ಮಾತ್ರ ಕಾಂಪೌಂಡ್. ನನ್ನ ಕಾರಿನ ಬಾಗಿಲುಗಳಿಗೆ, ಡಿಕ್ಕಿಗೆ ಎರಡನೆಯ ಮೆಟ್ಟಿಲೇ ಸಾಕಾಯಿತು. ಬಾನೆಟ್ಟಿಗೆ, ಟಾಪಿಗೆ ಕಾಂಪೌಂಡ್ ಬೇಕಾಯಿತು. ಧಾರವಾಡಕ್ಕೆ ಹೋಗಿಬರುವ ಹೆದ್ದಾರಿಯಲ್ಲಿ ಹುಳ ಬಡಿದು, ಅದನ್ನು ಅವಸರದಲ್ಲಿ ಒರೆಸಿ ಒರೆಸಿ ಆದ ಗೀರು ಹೆಚ್ಚಿದ್ದದ್ದು ಅಲ್ಲೇ. ಅಂಗಡಿಯವರು ಎಲ್ಲರಿಗೂ ಕಾಂಪೌಂಡಿನಿಂದಲೇ ಶುರು ಮಾಡಿ ಅನ್ನುತ್ತಾರೆ, ಬೇಗ ಫಲ ಕಾಣುತ್ತದೆ ಅಂತ. ನಾನು ಒಪ್ಪುವುದಿಲ್ಲ. ಪಾಲಿಶಿನಲ್ಲಿ ಹೋಗುವ ಗೀರಿಗೆ ಕಾಂಪೌಂಡ್ ಹಾಕಿದರೆ ಮುಂದೆ ಎರಡು ಮೂರು ಸಲ ಕೆಲಸಕ್ಕೆ ಬರಬಹುದಾದ ಪದರವನ್ನು ಇವತ್ತೇ ಬಟ್ಟೆಗೆ ಒರೆಸಿ ಎಸೆದಂತೆ.

ಪ್ಯಾಡಿನ ಮೇಲೆ ಕಾಳಿನಷ್ಟು ನಾಲ್ಕೈದು ಹನಿ. ಮಷೀನು ಚಾಲೂ ಮಾಡದೆ ಮೊದಲು ಚೌಕದ ತುಂಬ ಮುಟ್ಟಿಸಿ, ವೇಗ 1ರಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಬೇಕು. ಕೈ ಮೆಲ್ಲಗೆ ಸಾಗಬೇಕು, ಸೆಕೆಂಡಿಗೆ ಒಂದು ಇಂಚು ಅಂದರೆ ಸರಿ. ಒಂದು ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬರಬೇಕು. ಅಡ್ಡ ಮುಗಿದ ಮೇಲೆ ಉದ್ದ. ಲ್ಯಾಬಿನಲ್ಲಿ ಕಾಗದ ಬದಲಿಸಿದಾಗಲೆಲ್ಲ ತುಂಡನ್ನು 90 ಡಿಗ್ರಿ ತಿರುಗಿಸಿ ಉಜ್ಜುತ್ತೇವೆ, ಹಿಂದಿನ ಗೀರು ಉಳಿದಿದೆಯೇ ಅಂತ ಅಡ್ಡಲಾಗಿ ಕಾಣಲಿ ಅಂತ. ಆ ಅಭ್ಯಾಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಪ್ರತಿ ಚೌಕ ಮುಗಿದ ಕೂಡಲೇ ಪ್ಯಾಡನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ಒಣ ಪುಡಿ ತೆಗೆಯಬೇಕು. ಕೆತ್ತಿದ ಕ್ಲಿಯರ್ ಕೋಟ್ ಅದರಲ್ಲೇ ತುಂಬಿರುತ್ತದೆ. ಮೈ ಬಿಸಿಯಾಗಿದ್ದರೆ ಪೇಸ್ಟು ಒಣಗಿ ಪುಡಿ ಏಳುತ್ತದೆ, ಆದ್ದರಿಂದ ಏಪ್ರಿಲ್, ಮೇ ಬೇಡ, ಬಿಸಿಲಲ್ಲಂತೂ ಬೇಡವೇ ಬೇಡ. ನಾನು ಚಳಿಗಾಲದ ಶನಿವಾರ, ಭಾನುವಾರಗಳನ್ನು ಆರಿಸಿಕೊಂಡೆ. ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆಯವರ ವಾಮಕುಕ್ಷಿಯ, ಅಂದರೆ ಊಟದ ಮೇಲಿನ ನಿದ್ದೆಯ ಹೊತ್ತು, ಆಗ ಮಷೀನು ನಿಲ್ಲಿಸುವುದು ನೆರೆಹೊರೆಗೆ ಕೊಡುವ ಮರ್ಯಾದೆ. ಪಾರ್ಕಿಂಗಿನ ಪ್ಲಗ್ಗಿಗೆ ಸೊಸೈಟಿಯ ಸೆಕ್ರೆಟರಿಯವರ ಒಪ್ಪಿಗೆ ಮೊದಲೇ ಪಡೆಯಿರಿ, ಅರ್ಥಿಂಗ್ ಇರುವ ಎಕ್ಸ್‌ಟೆನ್ಷನ್ನೇ ಉಪಯೋಗಿಸಿ.

ಒರೆಸಿದ ಕೂಡಲೇ ಕಾಣುವ ಹೊಳಪನ್ನು ನಂಬಬಾರದು. ಪಾಲಿಶಿನಲ್ಲಿರುವ ಎಣ್ಣೆ ಗೀರಿನಲ್ಲಿ ಕೂತು ಅದನ್ನು ಮುಚ್ಚುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಚಿಮುಕಿಸಿ ಒರೆಸಿ, ಎಣ್ಣೆ ಹೋದ ಮೇಲೆ ಮತ್ತೆ ಟಾರ್ಚು ಹಿಡಿಯಿರಿ. ಆಗ ಕಾಣುವುದು ನಿಜ. ಟೇಪ್ ಕಿತ್ತಾಗ ಬಾನೆಟ್ಟಿನ ಮೇಲೆ ಆ ಗೆರೆಯ ಎಡಕ್ಕೆ ಬೂದು ಮುಸುಕಿನ ನೀಲಿ, ಬಲಕ್ಕೆ ಆಳದ, ಒದ್ದೆಯಂಥ ನೀಲಿ, ಒಳಗಿನ ಲೋಹದ ಪುಡಿ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿತ್ತು. ಅಷ್ಟು ಸಂತೋಷವಾಯಿತು, ಮೇಲಿನ ಮಹಡಿಯವರನ್ನೆಲ್ಲ ಕರೆದು ತೋರಿಸಿದೆ.

ಪಾಲಿಶ್ ಕಾವಲಲ್ಲ, ಮೇಲೊಂದು ರಕ್ಷೆ ಬೇಕು. ಬ್ರೆಜಿಲಿನ ತಾಳೆ ಎಲೆಯಿಂದ ತೆಗೆಯುವ ಕಾರ್ನೌಬಾ ವ್ಯಾಕ್ಸ್ ಚಂದ, ಆದರೆ ನಮ್ಮ ಬಿಸಿಲಿಗೆ ಬೇಗ ಹೋಗುತ್ತದೆ. ನಾನು ಸಿಂಥೆಟಿಕ್ ಸೀಲೆಂಟ್ ಹಚ್ಚಿದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬಾಳುತ್ತದೆ, ತೊಳೆಯುವುದೂ ಸುಲಭ, ಆದರೆ ಅದು ಹಚ್ಚಿದರೆ ಗೀರೇ ಬೀಳುವುದಿಲ್ಲ ಅನ್ನುವ ಮಾತು ಸುಳ್ಳು. ಉಸುಕು ತುಂಬಿದ ಬಟ್ಟೆ ಅದನ್ನೂ ಗೀರುತ್ತದೆ.

ಯಾರು ಕೊಳ್ಳಬೇಕು? ಕಡು ಬಣ್ಣದ ಕಾರಿರುವವರು, ಅರ್ಧ ದಿನ ಬಾಗಿ ನಿಂತು ಕೆಲಸ ಮಾಡಲು ಬೇಸರವಿಲ್ಲದವರು, ಇನ್ನು ಮುಂದೆ ಸರಿಯಾಗಿ ತೊಳೆಯುತ್ತೇನೆ ಅನ್ನುವವರು. ಬಿಳಿ ಕಾರಿನವರಿಗೆ ಇಷ್ಟು ಖರ್ಚು ಬೇಡ, ಅದರಲ್ಲಿ ಸ್ವರ್ಲ್ ಕಾಣುವುದೇ ಕಡಿಮೆ. ದುಡ್ಡು ಕಡಿಮೆಯಿದ್ದರೆ ಮೊದಲು ಎರಡು ಬಕೆಟ್ಟು, ಕೈಗವಸು, ದಪ್ಪನೆಯ ಬಟ್ಟೆಗಳನ್ನು ಕೊಳ್ಳಿ. ಮಷೀನು ಇಬ್ಬರು ಮೂವರು ಸೇರಿ ಹಂಚಿಕೊಳ್ಳಬಹುದು, ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಅದನ್ನು ಕಾರಿಗೆ ಮುಟ್ಟಿಸಬಾರದು. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಮಾತ್ರ ಈ ಮಷೀನಿನಿಂದ ಬೆನ್ನಟ್ಟಬೇಡಿ. ನನ್ನ ಎಡ ಹಿಂಬಾಗಿಲಿನಲ್ಲಿ ಅಂಥದ್ದೊಂದು ಇದೆ, ಅದಕ್ಕೆ ಕಂಪನಿಯ ಟಚ್-ಅಪ್ ಪೇಂಟ್ ತರಿಸಿದ್ದೇನೆ.